ಪಡಸಾಲೆಯ ಕೆಳಗೆ ಗುಹೆ ಇದೆಯಾ?

ಪ್ರಶ್ನೆ: ಸರ್, ನಮ್ಮದು ನರಗುಂದ ತಾಲ್ಲೂಕಿನ ಒಂದು ಹಳ್ಳಿ. ಎರೆ ಭೂಮಿ. ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ. ಆಗಸ್ಟ್‌ನಲ್ಲಿ ನಾಲ್ಕು ದಿನ ಜಡಿ ಮಳೆ ಹಿಡಿದಾಗ ಪಡಸಾಲೆಯ ಎರಡು ಶಾಬಾದ್ ಕಲ್ಲು ಒಮ್ಮೆಲೇ ಒಳಗೆ ಹೋದವು. ಬ್ಯಾಟರಿ ಹಚ್ಚಿ ನೋಡಿದರೆ ಕೆಳಗೆ ಗಡಿಗೆಯಂಥ ಪೊಳ್ಳು. ಹಗ್ಗಕ್ಕೆ ಕೀಲಿ ಕಟ್ಟಿ ಬಿಟ್ಟೆ. 11 ಅಡಿಗೆ ತಳ ಸಿಕ್ಕಿತು, ಅದರಲ್ಲಿ 4 ಅಡಿ ನೀರು. ಹೊಟ್ಟೆ ಸುಮಾರು 7 ಅಡಿ ಅಗಲ ಇರಬಹುದು. ಈಗ ನವೆಂಬರ್, ನೀರು ಇಳಿದೇ ಇಲ್ಲ. ಕೆಳಗೆ ಗುಹೆ ಇದೆ, ಮಲಪ್ರಭೆ ಒಳಗಿಂದ ಹರೀತಾಳೆ ಅಂತ ಕೆಲವರು ಹೇಳುತ್ತಾರೆ. ಇನ್ನು ಕೆಲವರ ಪ್ರಕಾರ ಅದು ಬಾದಾಮಿಗೆ ಹೋಗುವ ಸುರಂಗ. ಮೇ ತಿಂಗಳಲ್ಲಿ ಪಕ್ಕದ ಮನೆಯವರು 320 ಅಡಿ ಬೋರ್ ಹೊಡೆಸಿದರು. 280 ಅಡಿಗೆ ರಾಡು ಒಂದು ಅಡಿ ಜಾರಿತು, 'ಗುಹೆ ಸಿಕ್ತು' ಅಂತ ಬೋರಿನವನೇ ಹೇಳಿದ್ದ. ಆವಾಗ ನಮ್ಮ ಹಿತ್ತಲಿನ ಹಾಳು ಬಾವಿಯಿಂದ ಬುರುಬುರು ಗಾಳಿ ಬಂತು. ಮನೆಯವರು ಪಡಸಾಲೆಯಲ್ಲಿ ಮಲಗುವುದು ಬಿಟ್ಟಿದ್ದಾರೆ. ಮಗ ಮನೆ ಮಾರೋಣ ಅಂತಾನೆ. ಮುಚ್ಚಬೇಕೋ, ಹಾಗೇ ಬಿಡಬೇಕೋ? ಒಳಗಿನ ನೀರು ಬಳಸಬಹುದಾ?

ಉತ್ತರ: ಬೇರೆಲ್ಲಾ ಆಮೇಲೆ. ಆ ಗುಂಡಿಯೊಳಗೆ ಯಾರನ್ನೂ ಇಳಿಸಬೇಡಿ. ಏಣಿ ಹಾಕಿ ನೋಡಿ ಬರ್ತೀನಿ ಅನ್ನುವ ಹುಡುಗ ಪ್ರತಿ ಓಣಿಯಲ್ಲೂ ಒಬ್ಬ ಇರುತ್ತಾನೆ. ಇಂಥ ಪೊಳ್ಳಿನಲ್ಲಿ ಉಸಿರಾಡುವ ಗಾಳಿ ಕಡಿಮೆ, ಕೆಟ್ಟ ಗಾಳಿ ಜಾಸ್ತಿ. ಹಿಂದಿನವರು ಕಂದೀಲು ಇಳಿಬಿಟ್ಟು, ಅದು ಆರಿದರೆ ಇಳಿಯುತ್ತಿರಲಿಲ್ಲ. ಈಗ ಅದನ್ನೂ ನಂಬುವ ಹಾಗಿಲ್ಲ. ಅಕ್ಕಪಕ್ಕದ ಪಾಯಖಾನೆ ಗುಂಡಿಯ ಗಾಳಿ ಮಣ್ಣಿನೊಳಗಿಂದ ನುಸುಳಿ ಬಂದಿದ್ದರೆ ಕಂದೀಲು ಉರಿಯುತ್ತಲೇ ಇರುತ್ತದೆ, ಮನುಷ್ಯ ಬೀಳುತ್ತಾನೆ. ಬಾಯಿಯ ಸುತ್ತ ಆರು ಅಡಿ ಬಿಟ್ಟು ಏನಾದರೂ ಅಡ್ಡ ಕಟ್ಟಿ. ಪಡಸಾಲೆಯಲ್ಲಿ ಮಲಗುವುದು ಬಿಟ್ಟಿದ್ದು ಒಳ್ಳೇದಾಯಿತು, ಅದು ಹೆದರಿಕೆಯ ಮಾತಲ್ಲ.

ಈಗ ಗುಹೆಯ ವಿಷಯ. ನಿಮ್ಮ ಅಳತೆ ಓದುತ್ತಿದ್ದಂತೆ ನನಗೆ ಅನ್ನಿಸಿದ್ದು ಒಂದೇ: ಇದು ಹಗೇವು. ಬಾಯಿ ಕಿರಿದು, ಹೊಟ್ಟೆ ಅಗಲ, ಆಳ ಹನ್ನೊಂದು ಅಡಿ, ಅದೂ ಮನೆಯ ನಟ್ಟನಡುವೆ. ನೆಲದೊಳಗಿನ ನೀರಿಗೆ ಗಡಿಗೆ ಮಾಡಲು ಬರುವುದಿಲ್ಲ. ಅದು ಕಲ್ಲಿನ ಬಿರುಕು ಹಿಡಿದು, ಪದರ ಹಿಡಿದು ಸೊಟ್ಟಸೊಟ್ಟಗೆ ಕೊರೆಯುತ್ತದೆ. ಸುತ್ತಲೂ ಒಂದೇ ಸಮ ದುಂಡಗಿದ್ದರೆ ಅದು ಮನುಷ್ಯರ ಕೈಕೆಲಸ.

ಹಗೇವು ಗೊತ್ತಿಲ್ಲದ ತಲೆಮಾರು ಬಂದಿದೆ, ಹಾಗಾಗಿ ಎರಡು ಮಾತು. ಜೋಳ ಇಡಲು ತೋಡಿದ ನೆಲದೊಳಗಿನ ಕಣಜ ಅದು. ಒಳಗೆ ಮೆತ್ತಿ, ಒಣಗಿಸಿ, ಹುಲ್ಲು ಹೊಂದಿಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಕಲ್ಲಿಟ್ಟು ಮಣ್ಣು ಬಡಿಯುತ್ತಿದ್ದರು. ಕಾಳು ತಾನೇ ಉಸಿರಾಡಿ ಒಳಗಿನ ಆಮ್ಲಜನಕ ಮುಗಿಸುತ್ತದೆ, ಹುಳ ಸಾಯುತ್ತದೆ, ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ಮನೆಯೊಳಗೆ, ಅಂಗಳದಲ್ಲಿ, ಓಣಿಯ ನಡುವೆ, ಎಲ್ಲೆಂದರಲ್ಲಿ ಇದ್ದವು. ಗೋಣಿಚೀಲ, ಗೋದಾಮು ಬಂದ ಮೇಲೆ ಬಾಯಿ ಮುಚ್ಚಿ ಮೇಲೆ ಕಲ್ಲು ಹಾಸಿದರು. ಪೊಳ್ಳು ತುಂಬಿಸಿದವರು ಕಡಿಮೆ. ನರಗುಂದ ಪಟ್ಟಣದಲ್ಲೇ ಕೆಲವು ವರ್ಷಗಳ ಹಿಂದೆ ಮನೆಯೊಳಗೆ, ರಸ್ತೆಯಲ್ಲಿ ನೆಲ ಕುಸಿದು ಸುದ್ದಿಯಾಗಿತ್ತು, ನೆನಪಿರಬೇಕು. ಅಲ್ಲೂ ಹಳೇ ಹಗೇವಿನ ಮಾತು, ನೀರು ಮೇಲೆ ಬಂದ ಮಾತು ಎರಡೂ ಇದ್ದವು.

ನವಲಗುಂದದ ಕಡೆ ಇಂಥದೇ ಒಂದು ಮನೆಗೆ ಹೋಗಿದ್ದೆ. ಮನೆಯ ಯಜಮಾನರು ಅರ್ಧ ಗಂಟೆ ಸುರಂಗದ ಕತೆ ಹೇಳಿದರು. ಮೂಲೆಯಲ್ಲಿ ಬತ್ತಿ ಹೊಸೆಯುತ್ತಾ ಕೂತಿದ್ದ ಅವರ ದೊಡ್ಡವ್ವ ತಲೆ ಎತ್ತಿ, "ಸುರಂಗ ಎಲ್ಲಿದೋ ತಮ್ಮಾ, ಅದು ಹಗೇವು. ನಿಮ್ಮಪ್ಪನ ಲಗ್ನದಾಗ ಹಂದರದ ಕಂಬ ಅದರಾಗ ಹೋಗಿತ್ತು" ಅಂದರು. ನಲವತ್ತು ವರ್ಷದಿಂದ ಆಕೆಯನ್ನು ಯಾರೂ ಕೇಳಿರಲಿಲ್ಲ, ಅಷ್ಟೇ. ನಾನು ತಂದಿದ್ದ ಯಂತ್ರ ಪೆಟ್ಟಿಗೆಯಲ್ಲೇ ಉಳಿಯಿತು.

ಹಾಗಂತ ಗುಹೆಗಳೇ ಇಲ್ಲ ಅಂತಲ್ಲ. ನೀರು ನಿಜವಾದ ಗುಹೆ ಮಾಡುವುದು ಸುಣ್ಣಕಲ್ಲಿನಲ್ಲಿ. ಮಳೆನೀರು ಗಾಳಿಯ, ಮಣ್ಣಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಸೋಡಾ ನೀರಿದ್ದ ಹಾಗೆ, ಅದಕ್ಕಿಂತ ಬಹಳ ತೆಳು. ಅದು ಬಿರುಕಿನಲ್ಲಿ ಇಳಿಯುತ್ತಾ ಸುಣ್ಣವನ್ನು ಕರಗಿಸುತ್ತದೆ. ಸಾವಿರ, ಲಕ್ಷ ವರ್ಷಗಳಲ್ಲಿ ಬಿರುಕು ಓಣಿಯಾಗುತ್ತದೆ. ಆಂಧ್ರದ ಬೇಲಂ ಗುಹೆ ಹೀಗೆ ಆದದ್ದು, 3 ಕಿಲೋಮೀಟರಿಗೂ ಉದ್ದ. ನಮ್ಮ ಹತ್ತಿರ ನೋಡಬೇಕೆಂದರೆ ದಾಂಡೇಲಿ ಕಾಡಿನ ಕವಳಾ ಗುಹೆ ಇದೆ. ಅಲ್ಲಿ ಜನ ಪೂಜೆ ಮಾಡುವ ಲಿಂಗ, ಮೇಲಿಂದ ತೊಟ್ಟಿಕ್ಕಿದ ನೀರಿನ ಸುಣ್ಣ ಕಟ್ಟಿ ಬೆಳೆದದ್ದು. ಯಾಣದ ಬಂಡೆಗಳೂ ಸುಣ್ಣಕಲ್ಲೇ.

ಬಾದಾಮಿಯ ಕತೆ ಬೇರೆ. ಅದು ಮರಳುಗಲ್ಲು, ನೀರಿಗೆ ಕರಗುವುದಿಲ್ಲ. ಅಲ್ಲಿನ ಗುಹಾಲಯಗಳನ್ನು ಚಾಲುಕ್ಯರ ಕಾಲದ ಕಲ್ಲುಕುಟಿಗರು ಉಳಿಯಿಂದ ಕಡಿದರು. ಮೂರನೇ ಗುಹೆಯಲ್ಲಿ 578ನೇ ಇಸವಿಯ ಶಾಸನವೇ ಇದೆ. ಅಲ್ಲಿಂದ ನಿಮ್ಮೂರಿಗೆ ಸುರಂಗ ಬರಬೇಕಾದರೆ ಎರೆ ಮಣ್ಣಿನೊಳಗೆ ಹರದಾರಿಗಟ್ಟಲೆ ತೋಡಬೇಕು. ಒಂದು ಮಳೆಗಾಲ ನಿಲ್ಲಲ್ಲ ಅದು. ಕೋಟೆ ಇರುವ ಪ್ರತಿ ಊರಿಗೂ ಒಂದು ಸುರಂಗದ ಕತೆ ಇದೆ. ಕೇಳಲು ಚೆನ್ನಾಗಿದೆ, ಕೇಳೋಣ.

ನಿಮ್ಮ ಎರೆಯ ಅಡಿಯಲ್ಲಿ ಬಿಳೀ ಸುಣ್ಣದ ಹರಳು ಸಿಗುತ್ತವೆ. ಅದನ್ನು ತೋರಿಸಿ 'ನೋಡ್ರೀ ಸುಣ್ಣಕಲ್ಲು' ಅನ್ನುವವರಿದ್ದಾರೆ. ಅದು ಮಣ್ಣಿನಲ್ಲೇ ಹೆಪ್ಪುಗಟ್ಟಿದ ಹರಳು, ಬಂಡೆಯಲ್ಲ, ಅದರಲ್ಲಿ ಗುಹೆ ಆಗುವುದಿಲ್ಲ. ಅದರ ಕೆಳಗೆ ಗರಸು, ಅಂದರೆ ಸವೆದ ಕಲ್ಲಿನ ಒರಟು ಮಣ್ಣು. ಗರಸಿನ ಕೆಳಗೆ ಗಟ್ಟಿ ಕಲ್ಲು. ನಿಮ್ಮ ಭಾಗದಲ್ಲಿ ಬಹುಮಟ್ಟಿಗೆ ನೈಸ್, ಗ್ರಾನೈಟ್, ಅಲ್ಲಲ್ಲಿ ಧಾರವಾಡ ಶಿಲೆ. ಹೌದು, ಜಗತ್ತಿನ ಭೂವಿಜ್ಞಾನಿಗಳೆಲ್ಲಾ 'ಧಾರವಾಡ' ಅನ್ನುವ ಹೆಸರಿನಿಂದಲೇ ಗುರುತಿಸುವ ಕಲ್ಲು. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಟ್ಟ ಹೆಸರು. 250 ಕೋಟಿ ವರ್ಷಕ್ಕೂ ಹಳೆಯದು. ಈ ಕಲ್ಲುಗಳು ಸುಣ್ಣದ ಹಾಗೆ ಕರಗುವುದಿಲ್ಲ. ಇವುಗಳಲ್ಲಿ ನೀರು ಇರುವುದು ಬಿರುಕುಗಳಲ್ಲಿ ಮಾತ್ರ.

ಬೋರಿನವನ 'ಗುಹೆ' ಅಂದರೆ ಇದೇ ಬಿರುಕು. ಗಟ್ಟಿ ಕಲ್ಲು ಕೊರೆಯುತ್ತಿದ್ದ ಹ್ಯಾಮರ್‌ಗೆ ಸವೆದು ಪುಡಿಯಾದ ಒಂದು ಪಟ್ಟಿ ಸಿಕ್ಕಿದರೆ ರಾಡು ದಡಕ್ಕನೆ ಅರ್ಧ ಅಡಿ, ಒಂದು ಅಡಿ ಇಳಿಯುತ್ತದೆ. ನೀರು ಚಿಮ್ಮುತ್ತದೆ. ಅವನಿಗೂ ಖುಷಿ, ನಿಮಗೂ ಖುಷಿ, ಅವನು ಗುಹೆ ಅಂತಾನೆ. ಅದು 280 ಅಡಿಯಲ್ಲಿ. ನಿಮ್ಮ ಗುಂಡಿ 11 ಅಡಿಯಲ್ಲಿ. ಎರಡಕ್ಕೂ ಸಂಬಂಧ ಇಲ್ಲ.

ಆದರೆ ಹಾಳು ಬಾವಿಯಿಂದ ಗಾಳಿ ಬಂತು ಅಂದಿರಲ್ಲ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳಲ್ಲ. ರಿಗ್‌ನ ಕಂಪ್ರೆಸರ್ ಬಹಳ ಒತ್ತಡದಲ್ಲಿ ಗಾಳಿ ಊದುತ್ತದೆ. ಮೇಲಿನ ಮಣ್ಣು ಬೋರಿನೊಳಗೆ ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪು ಗಟ್ಟಿ ಕಲ್ಲಿನ ಮೇಲೆ ಸರಿಯಾಗಿ ಕೂರದಿದ್ದರೆ ಆ ಗಾಳಿ, ನೀರು, ರಾಡಿ ಎಲ್ಲಾ ಮೇಲಿನ ಗರಸು, ಮಣ್ಣಿನೊಳಗೆ ನುಗ್ಗಿ ಪಕ್ಕದ ಬಾವಿಯಲ್ಲಿ ಹೊರಬೀಳುತ್ತದೆ. ಬೋರು ಹಗೇವು ಮಾಡಲಿಲ್ಲ, ನಿಜ. ಮೊದಲೇ ಸಡಿಲವಾಗಿದ್ದ ಮಣ್ಣಿಗೆ ಒಂದು ನೂಕು ಕೊಟ್ಟಿರಬಹುದು. ಪಕ್ಕದವರ ಜೊತೆ ಜಗಳಕ್ಕೆ ನಿಲ್ಲುವಷ್ಟು ಇದರಲ್ಲಿ ಹುರುಳಿಲ್ಲ. ಕೇಸಿಂಗ್ ಎಷ್ಟು ಅಡಿ ಇಳಿಸಿದ್ದಾರೆ ಅಂತ ಬಿಲ್ಲು ನೋಡಿ. ಗಟ್ಟಿ ಕಲ್ಲು ಮುಟ್ಟಿರದಿದ್ದರೆ ಪೈಪಿನ ಸುತ್ತ ಸಿಮೆಂಟ್ ಗಾರೆ ತುಂಬಿಸಲು ಅವರನ್ನು ಒಪ್ಪಿಸಿ. ಅವರ ಬೋರಿಗೂ ಅದು ಒಳ್ಳೇದು, ಓಣಿಯ ಕೊಳೆ ನೀರು ಒಳಗೆ ಇಳಿಯುವುದಿಲ್ಲ.

ಹಾಗಾದರೆ ಇಷ್ಟು ವರ್ಷ ಗಟ್ಟಿಯಾಗಿ ನಿಂತ ಹಗೇವು ಈಗ ಯಾಕೆ ಕುಸಿಯಿತು? ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ, ಅದನ್ನು ನೀವು ಕೇಳಿಲ್ಲ ಅಷ್ಟೇ. ಆ 4 ಅಡಿ ನೀರು ನೋಡಿ. ಅಂದರೆ ನಿಮ್ಮ ಪಡಸಾಲೆಯಿಂದ 7 ಅಡಿ ಕೆಳಗೆ ನೀರು ನಿಂತಿದೆ. ನಿಮ್ಮ ಅಜ್ಜ ಜೋಳ ಇಡಲು 11 ಅಡಿ ತೋಡಿದಾಗ ಅಲ್ಲಿ ಪಸೆ ಇದ್ದಿರಲು ಸಾಧ್ಯವೇ ಇಲ್ಲ. ಜೋಳ ಬೂಸ್ಟು ಹಿಡಿಯುತ್ತಿತ್ತು. ಹಗೇವು ಕೆಡಲಿಲ್ಲ, ನೀರು ಮೇಲೆ ಹತ್ತಿ ಬಂತು.

ಒಣಗಿದ ಎರೆ ಹೆಂಟೆ ಕೈಯಲ್ಲಿ ಹಿಡಿದು ನೋಡಿದ್ದೀರಲ್ಲ, ಕಾಲಿಗೆ ತಾಗಿದರೆ ರಕ್ತ ಬರುತ್ತದೆ. ಅದನ್ನೇ ರಾತ್ರಿ ನೀರಲ್ಲಿಟ್ಟರೆ ಬೆಳಿಗ್ಗೆಗೆ ರಾಡಿ. ಎರೆಯ ಜೇಡಿಗೆ ನೀರು ಕುಡಿದು ಹಿಗ್ಗುವ, ಒಣಗಿ ಕುಗ್ಗುವ ಗುಣ ಇದೆ. ಹಗೇವಿನ ಗುಮ್ಮಟದಂಥ ಮೇಲ್ಭಾಗ ನಿಂತಿದ್ದು ಈ ಒಣಗಿನ ಬಿಗಿಯಿಂದ. ಬುಡ ನೆನೆದು ಸ್ವಲ್ಪ ಸ್ವಲ್ಪವೇ ಕಳಚುತ್ತಾ ಬಂತು. ಜಡಿ ಮಳೆಗೆ ಮೇಲಿಂದಲೂ ನೀರು ಇಳಿಯಿತು. ಶಾಬಾದ್ ಕಲ್ಲು ಒಳಗೆ ಹೋದವು.

ನೀರು ಎಲ್ಲಿಂದ? ಮಲಪ್ರಭೆ ಒಳಗಿಂದ ಹರಿದು ಬರುವುದಿಲ್ಲ. ಹೊಳೆ ತಗ್ಗಿನಲ್ಲಿದೆ. ನೆಲದ ನೀರು ಊರಿಂದ ಹೊಳೆಗೆ ಇಳಿಯುತ್ತದೆಯೇ ಹೊರತು ಹೊಳೆಯಿಂದ ಊರಿಗೆ ಹತ್ತುವುದಿಲ್ಲ. ಅದೂ ಬಹಳ ನಿಧಾನ, ಇರುವೆ ನಡೆದ ಹಾಗೆ. ಆದರೆ ಮಲಪ್ರಭೆಯ ನೀರು ನಿಮ್ಮಲ್ಲಿಗೆ ಮೇಲಿಂದ ಬರುತ್ತದೆ, ಅಲ್ವಾ? ಒಂದು, ಕಾಲುವೆ. ನವಿಲುತೀರ್ಥದ ಅಣೆಕಟ್ಟಿನಿಂದ ಬರುವ ಕಾಲುವೆ ಎತ್ತರದಲ್ಲಿ ಸಾಗುತ್ತದೆ. ಅದರ ಸೋರಿಕೆ, ಹೊಲಕ್ಕೆ ಬಿಟ್ಟ ನೀರಿನ ಇಂಗು ತಗ್ಗಿನ ಊರಿನ ಕಡೆ ಸರಿಯುತ್ತದೆ. ಎರಡು, ನಲ್ಲಿ. ಇದನ್ನು ಜನ ಲೆಕ್ಕಕ್ಕೇ ತರುವುದಿಲ್ಲ. ಮನೆಮನೆಗೆ ನಲ್ಲಿ ಕೊಡುವ ಜಲಜೀವನ್ ಯೋಜನೆಯ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. 500 ಮನೆ, ಮನೆಗೆ ಐದು ಜನ ಅಂದರೆ ದಿನಕ್ಕೆ 1,37,500 ಲೀಟರ್ ಹೊರಗಿನ ನೀರು ಊರೊಳಗೆ ಬಂದು ಬೀಳುತ್ತದೆ. ಗಟಾರ ನೆಟ್ಟಗಿಲ್ಲದ ಊರಲ್ಲಿ ಅದು ಇಂಗುಗುಂಡಿ, ಪಾಯಖಾನೆ ಗುಂಡಿ ಸೇರಿ ನೆಲಕ್ಕೆ ಹೋಗುತ್ತದೆ. ಮೊದಲು ಊರಿನ ಬಾವಿಗಳಿಂದ ದಿನವೂ ಸೇದುತ್ತಿದ್ದರು, ಮಟ್ಟ ಕೆಳಗೆ ಇರುತ್ತಿತ್ತು. ಈಗ ಹೊಳೆ ನೀರು ಬಂದ ಮೇಲೆ ಬಾವಿ ಹಾಳುಬಿದ್ದವು. ನಿಮ್ಮ ಹಿತ್ತಲಿನದೂ ಅದರಲ್ಲಿ ಒಂದು. ಸೇದುವವರಿಲ್ಲ, ತುಂಬುವವರು ಜಾಸ್ತಿ. ಬರಗಾಲದ ಜಿಲ್ಲೆಯಲ್ಲಿ ನೀರು ಹೆಚ್ಚಾಗಿ ಮನೆ ಬೀಳುತ್ತೆ ಅಂದರೆ ನಗುತ್ತಾರೆ. 300 ಅಡಿ ಬೋರು ಬತ್ತಿದ್ದು, 7 ಅಡಿಗೆ ನೀರು ನಿಂತದ್ದು ಎರಡೂ ಒಂದೇ ಊರಲ್ಲಿ ನಾನು ನೋಡಿದ್ದೇನೆ. ಮೇಲಿನ ಮಣ್ಣಿನ ನೀರು, ಕೆಳಗಿನ ಬಿರುಕಿನ ನೀರು ಬೇರೆಬೇರೆ ಖಾತೆ.

ನಿಮ್ಮ ಗುಂಡಿಯ ನೀರು ಯಾವುದರದ್ದು ಅಂತ ಮನೆಯಲ್ಲೇ ಅಂದಾಜು ಮಾಡಬಹುದು. ಒಂದು ಟಿಡಿಎಸ್ ಮೀಟರ್ ತನ್ನಿ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುತ್ತದೆ, ಪೆನ್ನಿನಷ್ಟಿರುತ್ತದೆ. ಗುಂಡಿಯ ನೀರು, ನಲ್ಲಿಯ ನೀರು, ಹಾಳು ಬಾವಿಯ ನೀರು ಮೂರಕ್ಕೂ ಅದ್ದಿ ಅಂಕಿ ಬರೆದುಕೊಳ್ಳಿ. ನಿಮ್ಮ ಕಡೆಯ ಬಾವಿ ನೀರು ಸವಳು, ಅಂಕಿ ದೊಡ್ಡದಿರುತ್ತದೆ. ಹೊಳೆ ನೀರಿಗೆ ಅಂಕಿ ಚಿಕ್ಕದು. ಗುಂಡಿಯದು ನಲ್ಲಿಗೆ ಹತ್ತಿರವಿದ್ದರೆ ಎಲ್ಲೋ ಪೈಪು ಒಡೆದಿದೆ ಅನ್ನುವ ಅನುಮಾನ ಬಲವಾಗುತ್ತದೆ. ಅದು ಒಳ್ಳೇ ಸುದ್ದಿ, ರಿಪೇರಿ ಮಾಡಿಸಬಹುದು. ಬಾವಿಗೆ ಹತ್ತಿರವಿದ್ದರೆ ಊರಿನ ಮಟ್ಟವೇ ಏರಿದೆ. ಜೊತೆಗೆ ಹಗ್ಗಕ್ಕೆ ಒಂದು ಗಂಟು ಹಾಕಿ, ಎರಡು ವಾರ ದಿನಾ ಬೆಳಿಗ್ಗೆ ಗುಂಡಿಯ ನೀರು, ಬಾವಿಯ ನೀರು ಎಷ್ಟು ಅಡಿಗಿದೆ ಅಂತ ಕ್ಯಾಲೆಂಡರ್ ಮೇಲೆ ಬರೆಯಿರಿ. ಎರಡೂ ಕೂಡಿ ಏರಿ ಇಳಿದರೆ ಎರಡೂ ಒಂದೇ ನೀರು ಅನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಬೇರೆ ಹಗೇವು ಇವೆಯಾ ಅಂತಲೂ ನೋಡಬೇಕು. ಒಂದಿದ್ದ ಮನೆಯಲ್ಲಿ ಇನ್ನೊಂದು ಇರುವುದು ಅಪರೂಪವಲ್ಲ. ಮೊದಲು ಮನೆಯ, ಓಣಿಯ ಹಿರಿಯರನ್ನು ಕೇಳಿ. ಆಮೇಲೆ ಹಾರೆಯ ಹಿಂಬದಿಯಿಂದ ನೆಲ ಕುಟ್ಟುತ್ತಾ ಹೋಗಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಗೋಡೆಯ ಕಡೆಯಿಂದ. ಗಟ್ಟಿ ನೆಲದ ಸದ್ದು, ಪೊಳ್ಳು ನೆಲದ ಸದ್ದು ತೆಂಗಿನಕಾಯಿ ಬಾರಿಸಿ ನೋಡಿದಷ್ಟೇ ಸುಲಭವಾಗಿ ತಿಳಿಯುತ್ತದೆ. ನೆಲದೊಳಗೆ ನೋಡುವ ರೇಡಾರ್ ಯಂತ್ರ ತರ್ತೀವಿ ಅಂತ ಯಾರಾದರೂ ದೊಡ್ಡ ದುಡ್ಡು ಕೇಳಿದರೆ ಸ್ವಲ್ಪ ತಡೆಯಿರಿ. ಒದ್ದೆ ಎರೆಯಲ್ಲಿ ಅದರ ಅಲೆ ಕೆಲವೇ ಅಡಿಗೆ ಸತ್ತುಹೋಗುತ್ತದೆ.

ಮುಚ್ಚುವ ವಿಷಯಕ್ಕೆ ಬರೋಣ. ಹಾಗೇ ಬಿಡುವಂತಿಲ್ಲ. ಬಿಟ್ಟಷ್ಟೂ ಹೊಟ್ಟೆ ಅಗಲವಾಗುತ್ತದೆ. ಹೊಟ್ಟೆಯ ಅಂಚು ಯಾವುದಾದರೂ ಗೋಡೆಗೆ ಮೂರು ಅಡಿಗಿಂತ ಹತ್ತಿರವಿದ್ದರೆ ಇಡೀ ಮನೆ ಖಾಲಿ ಮಾಡಿ ಎಂಜಿನಿಯರ್ ಕರೆಸಿ. ಮಣ್ಣಿನ ಮಾಳಿಗೆಯ ಭಾರ ಕಡಿಮೆಯದಲ್ಲ, ಗೋಡೆ ಸರಿದರೆ ಹೊರಗೆ ಓಡಲು ಸಮಯ ಸಿಗುವುದಿಲ್ಲ.

ಜನ ಸಾಮಾನ್ಯವಾಗಿ ಮಾಡುವುದು ಎರಡು. ಹಿತ್ತಲಿನ ಎರೆ ಮಣ್ಣು, ಒಡೆದ ಇಟ್ಟಂಗಿ, ಕಸ ಸುರಿದು ಮುಚ್ಚುತ್ತಾರೆ. ಮುಂದಿನ ಮಳೆಗಾಲಕ್ಕೆ ಅದು ಕುಗ್ಗಿ ಮತ್ತೆ ಗುಂಡಿ. ಇಲ್ಲವೇ ಮೇಲೆ ಒಂದು ಸ್ಲ್ಯಾಬ್ ಹಾಕಿ ಮರೆಯುತ್ತಾರೆ. ಇದು ಹೆಚ್ಚು ಅಪಾಯ. ಕೆಳಗೆ ಪೊಳ್ಳು ಬೆಳೆಯುತ್ತಿರುತ್ತದೆ, ಕಾಣುವುದಿಲ್ಲ.

ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದೇ ಗುಂಡಿಗೆ ಮೋಟರ್ ಇಟ್ಟು ನೀರೆಲ್ಲಾ ಖಾಲಿ ಮಾಡಿಸಿ ಒಣಗಿದ ಮೇಲೆ ತುಂಬೋಣ ಅಂದಿದ್ದೆ. ಮಧ್ಯಾಹ್ನ ನೀರು ಖಾಲಿ, ಸಂಜೆ ಒಂದು ಬದಿಯ ಮಣ್ಣು ಕುಸಿದು ಅಡುಗೆಮನೆಯ ನೆಲ ಬಿರುಕು ಬಿಟ್ಟಿತು. ಒಳಗಿನ ನೀರು ಗೋಡೆಗೆ ಒತ್ತಿ ಆಸರೆ ಕೊಟ್ಟಿರುತ್ತದೆ. ಅದನ್ನು ಒಮ್ಮೆಲೇ ತೆಗೆದರೆ ನೆನೆದ ಮಣ್ಣು ಒಳಗೆ ಜಾರುತ್ತದೆ. ಆ ಮನೆಯವರು ಪುಣ್ಯಾತ್ಮರು, ಚಹಾ ಕೊಟ್ಟೇ ಕಳಿಸಿದರು.

ಹಾಗಾಗಿ ನೀರು ಇರುವಂತೆಯೇ ತುಂಬಿ. ನೀರಿನ ಮಟ್ಟಕ್ಕಿಂತ ಒಂದು ಅಡಿ ಮೇಲಿನವರೆಗೆ ತೊಳೆದ ದಪ್ಪ ಜಲ್ಲಿ, ಮಣ್ಣಿಲ್ಲದ್ದು. ನೀರು ಜಲ್ಲಿಯ ಸಂದಿಯಲ್ಲಿ ಏರಿ ಇಳಿದರೂ ಅದು ಕುಗ್ಗುವುದಿಲ್ಲ. ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ದಪ್ಪ ಮರಳು, ಇಲ್ಲದಿದ್ದರೆ ಗರಸು ಸೋಸಿ ಕೆಳಗೆ ಇಳಿಯುತ್ತದೆ. ಆಮೇಲೆ ಗರಸು, ಅರ್ಧ ಅರ್ಧ ಅಡಿ ಪದರ ಹಾಕಿ, ತುಸು ನೀರು ಚಿಮುಕಿಸಿ ಧಮ್ಮಸ್ಸು ಮಾಡುತ್ತಾ ಬರಬೇಕು. ಕೆಲಸದವರು ಬಾಯಿಯ ಅಂಚಿನಲ್ಲಿ ನಿಲ್ಲಬಾರದು, ಆಚೆಯ ಗಟ್ಟಿ ನೆಲದ ಮೇಲೆ ಹಲಗೆ ಹಾಕಿಕೊಂಡು ಸುರಿಯಬೇಕು. ಜೋತಾಡುವ ಮೇಲಿನ ಮಣ್ಣನ್ನು ಮೊದಲೇ ಹಾರೆಯಿಂದ ಕೆಡವಿಬಿಡಬೇಕು, ಇಲ್ಲದಿದ್ದರೆ ಅದರ ಅಡಿಯಲ್ಲಿ ಪೊಳ್ಳು ಉಳಿಯುತ್ತದೆ. ನಿಮ್ಮ ಅಳತೆಗೆ ಜಲ್ಲಿ, ಗರಸು ಎಲ್ಲಾ ಸೇರಿ ಸುಮಾರು ಮೂರೂವರೆ, ನಾಲ್ಕು ಬ್ರಾಸ್ ಹಿಡಿಯಬಹುದು (ಒಂದು ಬ್ರಾಸ್ ಅಂದರೆ 100 ಘನ ಅಡಿ). ಅದಕ್ಕಿಂತ ಬಹಳ ಜಾಸ್ತಿ ನುಂಗಿದರೆ ನಿಲ್ಲಿಸಿ. ಹೊಟ್ಟೆ ಪಕ್ಕಕ್ಕೆ ಚಾಚಿದೆ, ಇಲ್ಲವೇ ಪಕ್ಕದ ಹಗೇವಿಗೆ ಕೂಡಿದೆ ಅಂತ ಅರ್ಥ.

ಕೈಯಲ್ಲಿ ಧಮ್ಮಸ್ಸು ಮಾಡಲು ಆಗದಷ್ಟು ಇಕ್ಕಟ್ಟಿದ್ದರೆ ಸಿಮೆಂಟು ಕಡಿಮೆ ಹಾಕಿದ ತೆಳು ಕಾಂಕ್ರೀಟ್ ಸುರಿಯಬಹುದು. ಮೂಲೆಮೂಲೆಗೂ ತಾನೇ ಹೋಗಿ ಕೂರುತ್ತದೆ. ಖರ್ಚು ಜಾಸ್ತಿ, ಭಾರವೂ ಜಾಸ್ತಿ. ತಳದ ಮಣ್ಣು ಮೆತ್ತಗಿದ್ದರೆ ಅದು ಕುಳಿತು ಸುತ್ತ ಮತ್ತೆ ಸಂದು ಬಿಡುತ್ತದೆ. ನಾನಾದರೆ ಜಲ್ಲಿ, ಗರಸಿಗೇ ಮೊದಲ ಮತ ಹಾಕುತ್ತೇನೆ.

ನೀರು ಮೇಲೆ ಬಂದ ಕಾರಣ ಹಾಗೇ ಇದ್ದರೆ ಇಷ್ಟೆಲ್ಲಾ ಮಾಡಿಯೂ ಪಕ್ಕದ ಮನೆಯ ಹಗೇವು ಕುಸಿಯುತ್ತದೆ. ಆದ್ದರಿಂದ ಪಂಚಾಯಿತಿಗೂ ತಹಶೀಲ್ದಾರರಿಗೂ ಫೋಟೋ, ಅಳತೆ ಸಮೇತ ಅರ್ಜಿ ಕೊಡಿ. ಒಬ್ಬರೇ ಬೇಡ, ಓಣಿಯವರೆಲ್ಲಾ ಸೇರಿ. ಜಿಲ್ಲೆಯ ಅಂತರ್ಜಲ ಕಚೇರಿಯವರು ಬಂದು ಬಾವಿಗಳ ಮಟ್ಟ ಅಳೆಯಲಿ ಅಂತ ಅದರಲ್ಲೇ ಕೇಳಿ. ಗಟಾರ ಆಗುವವರೆಗೆ ನೀವು ಮಾಡಬಹುದಾದ ಕೆಲಸ ಒಂದಿದೆ: ಆ ಹಾಳು ಬಾವಿಯ ಕಸ ತೆಗೆಸಿ, ಸಣ್ಣ ಮೋಟರ್ ಇಟ್ಟು, ದನಕ್ಕೆ, ಬಟ್ಟೆ ಒಗೆಯಲು ದಿನಾ ಸ್ವಲ್ಪ ಸ್ವಲ್ಪ ಎತ್ತಿ. ಬಳಸಿದ ನೀರು ಮತ್ತೆ ಅಲ್ಲೇ ಇಂಗದಂತೆ ಹರಿದು ದೂರ ಹೋಗಲಿ. ಇಲ್ಲೂ ಅವಸರ ಬೇಡ, ದಿನಕ್ಕೆ ಅರ್ಧ ಅಡಿಗಿಂತ ಜಾಸ್ತಿ ಇಳಿಸಬೇಡಿ.

ಗುಂಡಿಯ ನೀರು ಕುಡಿಯಲು ಬೇಡವೇ ಬೇಡ. ಪಾಯಖಾನೆ ಗುಂಡಿಯ ಪಾಲು ಅದರಲ್ಲಿ ಇದ್ದೇ ಇರುತ್ತದೆ. ಪಕ್ಕದವರ ಬೋರಿನ ನೀರನ್ನೂ ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಗದಗ ಜಿಲ್ಲೆಯ ಆಳದ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲು ಕೆಡುತ್ತದೆ. ಕುದಿಸಿದರೆ ಹೋಗುವುದಿಲ್ಲ, ಇನ್ನೂ ಗಾಢವಾಗುತ್ತದೆ. ಕುಡಿಯಲು ನಲ್ಲಿಯ ಹೊಳೆ ನೀರೇ ಸಾಕು.

ಮನೆ ಮಾರುವ ವಿಷಯ ಮಗನಿಗೆ ಬಿಟ್ಟದ್ದು. ಮಾರಿದರೆ ಕೊಳ್ಳುವವರಿಗೆ ಹಗೇವು ಎಲ್ಲಿತ್ತು ಅಂತ ತೋರಿಸಿ ಮಾರಲಿ. ಆದರೆ ಗುಹೆಗೆ ಹೆದರಿ ಮಾರುವುದಾದರೆ ಬೇಡ. ಸರಿಯಾಗಿ ತುಂಬಿ, ಒಂದು ಮಳೆಗಾಲ ಪಡಸಾಲೆಯನ್ನು ಖಾಲಿ ಬಿಟ್ಟು, ನೆಲ ಕುಸಿಯದಿದ್ದರೆ ಮತ್ತೆ ಹಾಸಿಗೆ ಹಾಸಬಹುದು. ಮೊದಲು ಆ ಮೂರು ಟಿಡಿಎಸ್ ಅಂಕಿ, ಎರಡು ವಾರದ ಮಟ್ಟ, ಗುಂಡಿಯಿಂದ ನಾಲ್ಕೂ ಗೋಡೆಗೆ ಇರುವ ದೂರ ಬರೆದು ಕಳಿಸಿ. ಜಲ್ಲಿಗೆ ಆರ್ಡರ್ ಕೊಡುವ ಮುಂಚೆ.